ಏಣಿ ಹಿಡಿದವಳ ಸಿಟ್ಟು

ಇವತ್ತು ಬೆಳಿಗ್ಗೆ ಚಹಾ ಕುಡಿಯುತ್ತಾ ಫೋನು ತೆರೆದರೆ, ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಪುಣ್ಯಾತ್ಮರು ಒಂದು ಉಪದೇಶ ಹಾಕಿದ್ದರು: ಚಳಿಗಾಲದಲ್ಲಿ ಏಣಿ ಹತ್ತುವವರಿಗೆ ಎಚ್ಚರಿಕೆಯ ಮಾತುಗಳು. ಓದಿದೆ. ಮೆಟ್ಟಿಲಿನ ಮೇಲಿನ ಹಿಮವನ್ನು ಕೆರೆದು ತೆಗೆಯಬೇಕಂತೆ. ಉಣ್ಣೆಯ ಕೈಗವಸು ಜಾರುತ್ತದಂತೆ, ರಬ್ಬರಿನದು ಹಾಕಿಕೊಳ್ಳಬೇಕಂತೆ. ಬೂಟಿನ ಅಡಿಗೆ ಅಂಟಿದ ಮಂಜುಗಡ್ಡೆಯನ್ನು ನೆಲಕ್ಕೆ ಕುಟ್ಟಿ ಉದುರಿಸಬೇಕಂತೆ. ನಾವಿರುವುದು ಕೊಚ್ಚಿಯ ಕಳಮಶ್ಶೇರಿಯಲ್ಲಿ. ಡಿಸೆಂಬರಿನಲ್ಲೂ ಫ್ಯಾನು ಹಾಕಿಕೊಂಡು ಮಲಗುವ ಊರು. ಇಲ್ಲಿ ಮಂಜುಗಡ್ಡೆ ಕಾಣಬೇಕಾದರೆ ಮೀನು ಮಾರುವವನ ಪೆಟ್ಟಿಗೆಗೆ ಇಣುಕಬೇಕು. ಆದರೂ ಆ ಸಂದೇಶದ ಕೆಳಗೆ ಕೈಮುಗಿದವರೆಷ್ಟು, ಹೆಬ್ಬೆರಳು ಎತ್ತಿದವರೆಷ್ಟು!

ನನಗೆ ಸಿಟ್ಟು ಬಂದದ್ದು ಹಿಮಕ್ಕಲ್ಲ. ಅಷ್ಟು ಉದ್ದದ ಉಪದೇಶದಲ್ಲಿ, ಏಣಿಯ ಕೆಳಗೆ ಅದನ್ನು ಹಿಡಿದು ನಿಂತವರ ಬಗ್ಗೆ ಒಂದೇ ಒಂದು ಮಾತಿರಲಿಲ್ಲ. ಇಲ್ಲಿಯ ಗಂಡಸರು ಉಡುವ ಪಂಚೆ, ಅಂದರೆ ಮುಂಡಿನ ಬಗ್ಗೆಯೂ ಇರಲಿಲ್ಲ. ಕೇರಳದವರಿಗೆ ಏಣಿಯ ಪಾಠ ಹೇಳಲು ಹೊರಟು ಮುಂಡನ್ನು ಮರೆಯುವುದೆಂದರೆ ಮದುವೆಯ ಕರೆಯೋಲೆಯಲ್ಲಿ ವರನ ಹೆಸರನ್ನೇ ಬಿಟ್ಟ ಹಾಗೆ. ಏಣಿಗೂ ಪಂಚೆಗೂ ಏನಮ್ಮಾ ಸಂಬಂಧ ಎಂದು ನೀವು ಕೇಳಬಹುದು. ಹೇಳುತ್ತೇನೆ. ಅದಕ್ಕೆ ಮೊದಲು ಒಮ್ಮೆ ಧಾರವಾಡಕ್ಕೆ ಹೋಗಿ ಬರಬೇಕು, ಏಕೆಂದರೆ ಸಿಟ್ಟಿನ ಬೇರು ಇರುವುದು ಅಲ್ಲಿ.

ಧಾರವಾಡದಲ್ಲಿ ಚಳಿಯೆಂದರೆ ಚಳಿಯೇ. ದೀಪಾವಳಿಯ ಪಣತಿಗಳನ್ನು ಎತ್ತಿಡುವ ಹೊತ್ತಿಗೆ ತುಟಿ ಬಿರಿಯಲು ಶುರುವಾಗುತ್ತಿತ್ತು. ಆಗ ನಮ್ಮ ಮನೆಯಲ್ಲಿ ಅಟ್ಟದಿಂದ ಕೌದಿಗಳನ್ನು ಇಳಿಸುವ ಕೆಲಸ. ಅಜ್ಜಿ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಕಿ ಹೊಲಿದ ಕೌದಿಗಳು ವರ್ಷವಿಡೀ ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯುತ್ತಾ ಮಲಗಿರುತ್ತಿದ್ದವು. ಅಪ್ಪ ಮರದ ಏಣಿ ತಂದು ಆನಿಸುತ್ತಿದ್ದರು. ಹತ್ತುವುದು ಅಪ್ಪ, ಇಲ್ಲವೇ ಅಣ್ಣ. ಹಿಡಿಯುವುದು ಯಾವಾಗಲೂ ನಾನು. ನಾನೂ ಹತ್ತುತ್ತೇನೆ ಎಂದರೆ ಅಜ್ಜಿ, “ನೀ ಹೆಣ್ಣಹುಡುಗಿ, ಕೆಳಗ ನಿಂದರು” ಎನ್ನುತ್ತಿದ್ದಳು. ಏಣಿಗೆ ಅದು ಹೇಗೆ ಗೊತ್ತಾಗುತ್ತದೆ ಎಂದು ನಾನು ಕೇಳಿದ್ದಕ್ಕೆ ತಲೆಯ ಮೇಲೊಂದು ಬಿತ್ತು.

ಅಪ್ಪ ಏಣಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಏಣಿಯ ಬುಡಕ್ಕೆ ಕಾಲ್ಬೆರಳು ತಾಗಿಸಿ ನೆಟ್ಟಗೆ ನಿಂತು ಕೈ ಚಾಚಿದರೆ ಅಂಗೈ ಮೆಟ್ಟಿಲಿಗೆ ಸರಿಯಾಗಿ ಸಿಗಬೇಕು. ಹಾಗೆ ಸಿಕ್ಕರೆ ಓರೆ ಸರಿಯಾಗಿದೆ ಎಂದರ್ಥ. ಮೇಲೆ ಹೋದವನ ಹೊಕ್ಕಳು ಏಣಿಯ ಎರಡು ಕಾಲುಗಳ ನಡುವೆಯೇ ಇರಬೇಕು. ಅದು ಆಚೆ ಹೋದರೆ ಮನುಷ್ಯನೂ ಆಚೆ ಹೋದ. “ಒಂದು ಕೈ ಕೆಲಸಕ್ಕ, ಒಂದು ಕೈ ಜೀವಕ್ಕ” ಎಂದು ಹತ್ತುವ ಪ್ರತಿಸಲವೂ ಮಂತ್ರದಂತೆ ಹೇಳುತ್ತಿದ್ದರು. ಆಮೇಲೆ ನನಗೆ, “ತಂಗೀ, ಏನಾದ್ರೂ ಆಗ್ಲಿ, ನೀ ಕೈ ಬಿಡಬ್ಯಾಡ.”

ನಾನು ಬಿಡುತ್ತಿರಲಿಲ್ಲ. ಮೇಲಿನಿಂದ ಧೂಳು, ಜೇಡ, ಇಲಿಯ ಹಿಕ್ಕೆ, ಒಮ್ಮೆ ಹಲ್ಲಿ, ಎಲ್ಲವೂ ನನ್ನ ತಲೆಯ ಮೇಲೆಯೇ ಬೀಳುತ್ತಿದ್ದವು. ನನ್ನ ಕಣ್ಣ ಮುಂದೆ ಇರುತ್ತಿದ್ದದ್ದು ಅಪ್ಪನ ಹಿಮ್ಮಡಿ. ಚಳಿಗೆ ಒಡೆದು ಬಿರುಕುಬಿಟ್ಟ ಆ ಹಿಮ್ಮಡಿಯಲ್ಲಿ ಯಾವ ಸೀಳು ಎಲ್ಲಿ ತಿರುಗುತ್ತದೆ ಎಂದು ಈಗಲೂ ಹೇಳಬಲ್ಲೆ. ಕೌದಿ ಕೆಳಗೆ ಬಂದ ಮೇಲೆ ಎಲ್ಲರೂ ಅಣ್ಣನ ಬೆನ್ನು ತಟ್ಟುತ್ತಿದ್ದರು. “ಹುಲಿ ಅಂದ್ರ ಹುಲಿ” ಎನ್ನುತ್ತಿದ್ದಳು ಅಜ್ಜಿ. ಏಣಿ ಹಿಡಿದವಳಿಗೆ ಸಿಗುತ್ತಿದ್ದದ್ದು ಬಿದ್ದ ಧೂಳನ್ನು ಗುಡಿಸುವ ಭಾಗ್ಯ. ಹತ್ತಿದ ಮೇಲೆ ಏಣಿಯನ್ನು ಒದೆಯುವವರ ಬಗ್ಗೆ ಲೋಕವೆಲ್ಲಾ ಮಾತಾಡುತ್ತದೆ. ಹಿಡಿದವಳನ್ನು ಮರೆಯುವವರ ಬಗ್ಗೆ ಯಾರೂ ಒಂದು ಗಾದೆಯನ್ನೂ ಕಟ್ಟಲಿಲ್ಲ.

ಮದುವೆಯಾಯಿತು. ನಾನು ಬ್ಯಾಂಕಿನವಳು, ನಮ್ಮವರು ಕೇಂದ್ರ ಸರ್ಕಾರದ ಕಚೇರಿಯವರು. ಇಬ್ಬರಿಗೂ ಊರಿಂದೂರಿಗೆ ವರ್ಗವಾಗುವ ಹಣೆಬರಹ. ವರ್ಗವಾಗುವ ಜನ ಎಲ್ಲವನ್ನೂ ಕೊಳ್ಳುತ್ತಾರೆ, ಏಣಿಯೊಂದನ್ನು ಬಿಟ್ಟು. “ನಾಳೆ ಆರ್ಡರ್ ಬಂದ್ರ ಆ ಉದ್ದಂದು ಎಲ್ಲಿ ತುರುಕೂದು?” ಎನ್ನುವುದು ನಮ್ಮವರ ವಾದ. ಹೀಗಾಗಿ ತಿರುವನಂತಪುರದಲ್ಲಿದ್ದಷ್ಟು ವರ್ಷ ಅವರು ಕಬ್ಬಿಣದ ಟ್ರಂಕಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ತಾವು, ಹೀಗೆ ಗೋಪುರ ಕಟ್ಟಿ ಫ್ಯಾನು ಒರೆಸಿದರು. ಕೆಳಗೆ ಹಿಡಿಯುವವಳು ಬದಲಾಗಲಿಲ್ಲ, ಹಿಮ್ಮಡಿ ಮಾತ್ರ ಬದಲಾಯಿತು.

ಆ ತಿರುವನಂತಪುರವೇ ನಮ್ಮವರಿಗೆ ಮುಂಡನ್ನು ಉಡಿಸಿದ್ದು. ಮೊದಮೊದಲು ಮನೆಯೊಳಗೆ, ಒಳಗಿನಿಂದ ಪ್ಯಾಂಟಿನ ಬೆಲ್ಟು ಬಿಗಿದುಕೊಂಡು. ಆಮೇಲೆ ಧೈರ್ಯ ಬಂದು ಬೆಲ್ಟಿಲ್ಲದೆ ಬೀದಿಗೆ. ಮುಂಡನ್ನು ಅರ್ಧಕ್ಕೆ ಎತ್ತಿ ಮೊಣಕಾಲು ಕಾಣುವಂತೆ ಮಡಚಿ ಕಟ್ಟಿಕೊಳ್ಳುವ ವಿದ್ಯೆಯನ್ನು ಅವರು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದನ್ನು ನಾನೇ ನೋಡಿದ್ದೇನೆ. ಮಲಯಾಳಿಗಳಿಗೆ ಅದು ಉಸಿರಾಡಿದಷ್ಟು ಸಲೀಸು. ನಮ್ಮವರು ಕಟ್ಟಿದ್ದು ಮಾತ್ರ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಸಡಿಲವಾಗುತ್ತಿತ್ತು.

ಒಂದು ಸಂಜೆ ಹೀಗೆ ಮಡಚಿ ಕಟ್ಟಿಕೊಂಡು ಸಹೋದ್ಯೋಗಿಯೊಬ್ಬರ ಜೊತೆ ಚಹಾ ಅಂಗಡಿಗೆ ಹೋಗಿದ್ದಾರೆ. ಎದುರಿಗೆ ಆ ಸಹೋದ್ಯೋಗಿಯ ವಯಸ್ಸಾದ ಮಾವ ಬಂದರಂತೆ. ಸಹೋದ್ಯೋಗಿ ತಟ್ಟನೆ ಮಡಿಕೆ ಬಿಚ್ಚಿ ಮುಂಡನ್ನು ಪಾದದವರೆಗೆ ಇಳಿಬಿಟ್ಟು ನಿಂತರು. ನಮ್ಮವರು ಬರಿ ಮೊಣಕಾಲು ಬಿಟ್ಟುಕೊಂಡು ಚಹಾ ಹೀರುತ್ತಾ ನಿಂತರು. ಹಿರಿಯರು ಹೋದ ಮೇಲೆ ಸಹೋದ್ಯೋಗಿ ಮೆತ್ತಗೆ, “ಸಾರ್, ದೊಡ್ಡವರು ಎದುರು ಬಂದಾಗ ಮುಂಡು ಇಳಿಸಬೇಕು. ಇಲ್ಲದಿದ್ದರೆ ಮರ್ಯಾದೆ ಕೊಡಲಿಲ್ಲ ಅಂತಾಗುತ್ತದೆ” ಎಂದರಂತೆ. ಅಷ್ಟೇ. ಮನೆಗೆ ಬಂದ ನಮ್ಮವರ ಮುಖ ನೋಡಲಾಗುತ್ತಿರಲಿಲ್ಲ. “ಇಷ್ಟು ದಿನ ಎಷ್ಟು ಮಂದಿ ಹಿರ್‍ಯಾರಿಗೆ ಮೊಣಕಾಲ ತೋರಿಸೇನೋ ಏನೋ!” ಎಂದು ಊಟ ಬಿಟ್ಟು ಕೂತರು.

ಹೊಸದಾಗಿ ಕಲಿತವನ ಶ್ರದ್ಧೆ ಹುಟ್ಟಿನಿಂದಲೇ ಕಲಿತವನಿಗೆ ಎಲ್ಲಿ ಬರಬೇಕು? ಅಂದಿನಿಂದ ತಲೆ ನೆರೆತವರು ಯಾರು ಕಂಡರೂ ನಮ್ಮವರ ಎರಡೂ ಕೈ ಸೊಂಟಕ್ಕೆ ಹೋಗುತ್ತಿದ್ದವು. ಹಾಲು ತರಲು ಹೋಗುವ ದಾರಿಯಲ್ಲಿ ಮುಂಡು ಏರುವುದು, ಇಳಿಯುವುದು, ಏರುವುದು. ಧಾರವಾಡದಿಂದ ಅವರ ಸೋದರಮಾವ ಫೋನು ಮಾಡಿದರೂ ಮೊದಲು ಮುಂಡು ಇಳಿಸಿ ಆಮೇಲೆ “ಹಲೋ” ಎನ್ನುತ್ತಿದ್ದರು. ಮುಂಡು ಎಂದರೇನೆಂದೇ ತಿಳಿಯದ ಮನುಷ್ಯನಿಗೆ, ಅಷ್ಟು ದೂರಕ್ಕೆ, ಅಂಥ ಮರ್ಯಾದೆ! ಆಗ ನಕ್ಕಿದ್ದೆ. ನಗಬಾರದಿತ್ತು.

ಕೊಚ್ಚಿಗೆ ವರ್ಗವಾಗಿ ಬಂದಾಗ ನಾನು ಹಟಹಿಡಿದು ಒಂದು ಅಲ್ಯೂಮಿನಿಯಂ ಏಣಿ ಕೊಂಡೆ. ಎಡಪ್ಪಳ್ಳಿಯ ಅಂಗಡಿಯಿಂದ ಗೂಡ್ಸ್ ಆಟೋದಲ್ಲಿ ಅದು ಬರುವಾಗ, ಮಗಳ ಮದುವೆಗೆ ಒಡವೆ ಬಂದಷ್ಟು ಸಂತೋಷವಾಗಿತ್ತು. ಇನ್ನು ಟ್ರಂಕಿನ ಗೋಪುರವಿಲ್ಲ, ಜೀವಕ್ಕೆ ಭಯವಿಲ್ಲ ಎಂದುಕೊಂಡೆ.

ಡಿಸೆಂಬರ್ ಬಂತು. ನಮ್ಮ ಬೀದಿಯಲ್ಲಿ ಡಿಸೆಂಬರ್ ಬಂದರೆ ಜಾತಿ ಮತ ನೋಡದೆ ಎಲ್ಲ ಮನೆಯ ಮುಂದೂ ಕ್ರಿಸ್ಮಸ್ ನಕ್ಷತ್ರ ತೂಗಬೇಕು. ಪಕ್ಕದ ಮನೆಯ ಆನಿ ಚೇಚಿ, ಅಂದರೆ ಆನಿ ಅಕ್ಕ, ನಮಗೂ ಒಂದು ದೊಡ್ಡ ಕೆಂಪು ಕಾಗದದ ನಕ್ಷತ್ರ ತಂದುಕೊಟ್ಟರು. ಅದನ್ನು ಮಹಡಿಯ ಬಾಲ್ಕನಿಯ ಹೊರಗಿನ ಕೊಕ್ಕೆಗೆ ಕಟ್ಟಬೇಕು. ಒಳಗಿನಿಂದ ಕೈಗೆ ಸಿಗದು, ಅಂಗಳದಿಂದ ಏಣಿ ಹಾಕಿಯೇ ಹತ್ತಬೇಕು.

ಇಲ್ಲಿ ಹಿಮವಿಲ್ಲ, ನಿಜ. ಆದರೆ ಧನು ಮಾಸದ ಬೆಳಗಿನಲ್ಲಿ ಮಂಜು ಬೀಳುತ್ತದೆ. ನಾವು ಧಾರವಾಡದವರು ಅದನ್ನು ಚಳಿ ಎಂದು ಒಪ್ಪುವುದಿಲ್ಲ, ಮಲಯಾಳಿಗಳು ಮಾತ್ರ ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಹಿಮಾಲಯಕ್ಕೆ ಹೊರಟವರಂತೆ ವಾಕಿಂಗ್ ಹೋಗುತ್ತಾರೆ. ಆ ಮಂಜಿಗೆ ಏಣಿಯ ಮೆಟ್ಟಿಲೆಲ್ಲಾ ಒದ್ದೆ. ಹಿಂಗಾರು ಮಳೆ ಬಿಟ್ಟುಹೋದ ಪಾಚಿ ಅಂಗಳದಲ್ಲಿ ಹಾಗೆಯೇ ಇತ್ತು. ನಾನು ಹಿಂದಿನ ದಿನವೇ ಬ್ಲೀಚಿಂಗ್ ಪೌಡರ್ ಹಾಕಿ ನೆಲ ತಿಕ್ಕಿದ್ದೆ. ಬೆಳಿಗ್ಗೆ ಎದ್ದು ಹಳೆಯ ಟವೆಲ್ಲಿನಿಂದ ಮೆಟ್ಟಿಲುಗಳನ್ನು ಒರೆಸಿದೆ. ನಕ್ಷತ್ರದೊಳಗಿನ ಬಲ್ಬಿನ ಸ್ವಿಚ್ಚು ಆರಿಸಿದೆ. ಅಪ್ಪ ಹೇಳಿದಂತೆ ಬುಡಕ್ಕೆ ಬೆರಳು ತಾಗಿಸಿ, ಕೈ ಚಾಚಿ, ಓರೆ ನೋಡಿದೆ. ನಮ್ಮವರ ಹವಾಯಿ ಚಪ್ಪಲಿ ಬಿಡಿಸಿದೆ.

“ಪ್ಯಾಂಟ್ ಹಾಕ್ಕೊಂಡು ಬರ್‍ರಿ” ಎಂದೆ.

“ಮನಿ ಮುಂದಿನ ಕೆಲಸಕ್ಕ ಪ್ಯಾಂಟ್ ಯಾಕ? ಇಲ್ಲೆ ಮಂದಿ ಮುಂಡು ಉಟ್ಕೊಂಡು ತೆಂಗಿನ ಮರಾನ ಹತ್ತತಾರ.”

ಅವರು ಮರದ ಮೇಲೆ ಕೂತು ಯಾರಿಗೂ ಮರ್ಯಾದೆ ಕೊಡುವುದಿಲ್ಲ ಎಂಬ ಉತ್ತರ ನನಗೆ ಆಗ ಹೊಳೆಯಲಿಲ್ಲ. ಸರಿಯಾದ ಉತ್ತರಗಳೆಲ್ಲಾ ಹೊಳೆಯುವುದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ.

ಹತ್ತಿದರು. ನಾನು ಕೆಳಗೆ ಹಿಡಿದುಕೊಂಡೆ. ಮೇಲೆ ಅವರ ಒಂದು ಕೈಯಲ್ಲಿ ಏಣಿ, ಒಂದು ಕೈಯಲ್ಲಿ ನಕ್ಷತ್ರ. ಎಲ್ಲವೂ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಗೇಟಿನ ಮುಂದೆ ಮಾಧವನ್ ಮಾಷ್ ಬಂದರು. ಮಾಷ್ ಎಂದರೆ ಇಲ್ಲಿ ಮೇಷ್ಟ್ರು. ನಿವೃತ್ತರಾಗಿ ಎಷ್ಟೋ ಕಾಲವಾದರೂ ಬೀದಿಗೆಲ್ಲಾ ಅವರು ಮಾಷೇ. ಕಿವಿ ಮುಚ್ಚುವ ಟೋಪಿ, ಕೈಯಲ್ಲಿ ಕೋಲು, ಮುಖದಲ್ಲಿ ಇಡೀ ಬೀದಿಯ ಹಾಜರಿ ತೆಗೆದುಕೊಳ್ಳುವ ಗತ್ತು. ನಿಂತು ಮೇಲೆ ನೋಡಿದರು.

ನಮ್ಮವರು ಕೆಳಗೆ ನೋಡಿದರು. ಹಿರಿಯರು ಎದುರಿಗೆ, ತಮ್ಮ ಮುಂಡು ಮೊಣಕಾಲಿನ ಮೇಲೆ. ನಾನು “ರೀ!” ಎಂದು ಬಾಯಿ ತೆರೆಯುವಷ್ಟರಲ್ಲಿ ನಕ್ಷತ್ರ ನನ್ನ ತಲೆಯ ಮೇಲೆ ಬಿತ್ತು. ಅವರ ಎರಡೂ ಕೈಗಳು ಸೊಂಟಕ್ಕೆ ಹೋಗಿ ಮಡಿಕೆ ಬಿಚ್ಚಿದವು. ಮುಂಡು ಇಳಿಯಿತು. ಮುಂಡಿನ ಹಿಂದೆ ನಮ್ಮವರೂ ಇಳಿದರು, ಮೆಟ್ಟಿಲುಗಳ ಸಹಾಯವಿಲ್ಲದೆ.

ದೇವರು ದೊಡ್ಡವನು, ಬಿದ್ದದ್ದು ಕೇಪಳದ ಪೊದೆಯ ಮೇಲೆ. ಎಡಗೈ ಮಣಿಕಟ್ಟು ಮುರಿಯಿತು. ಒಂದು ಮೊಳ ಈಚೆ ಬಿದ್ದಿದ್ದರೆ ತಲೆ ಅಂಗಳದ ಅಂಚಿನ ಕಲ್ಲಿಗೆ ಬಡಿಯುತ್ತಿತ್ತು. ಆ ಕಲ್ಲನ್ನು ಈಗಲೂ ನಾನು ದಾಟುವಾಗ ನೋಡದೆ ದಾಟುತ್ತೇನೆ. ವಾಲಿದ ಏಣಿ ನನ್ನ ಕಾಲ ಹೆಬ್ಬೆರಳ ಮೇಲೆ ಬಿತ್ತು. ನಾನು ಕುಂಟುತ್ತಾ ಓಡಿ ಹೋಗಿ ನೋಡಿದರೆ, ಪೊದೆಯೊಳಗೆ ಅಂಗಾತ ಬಿದ್ದಿದ್ದ ನಮ್ಮವರು ಸರಿಯಿದ್ದ ಕೈಯಿಂದ ಮುಂಡನ್ನು ಪಾದದವರೆಗೆ ಎಳೆದುಕೊಂಡು, “ನಮಸ್ಕಾರಂ, ಮಾಷೇ” ಎನ್ನುತ್ತಿದ್ದಾರೆ!

ಈಗ ಹೇಳಿ, ಸಿಟ್ಟು ಬರಬೇಕೋ ಬೇಡವೋ?

ಅದಕ್ಕಿಂತ ಹೆಚ್ಚಿನ ಸಿಟ್ಟು ಬಂದದ್ದು ಆಮೇಲೆ. ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದಾಗ ಇಡೀ ಬೀದಿ ನಮ್ಮ ಜಗಲಿಯಲ್ಲಿತ್ತು. ಬೈಯುತ್ತಾರೆ, ನಾಲ್ಕು ಬುದ್ಧಿಮಾತು ಹೇಳುತ್ತಾರೆ ಎಂದುಕೊಂಡರೆ ಎಲ್ಲರೂ ಹೊಗಳಲು ಶುರುಮಾಡಿದರು. “ಎಂಥ ವಿನಯ! ನಮ್ಮ ಮಕ್ಕಳೇ ಈಗ ಮುಂಡು ಇಳಿಸುವುದಿಲ್ಲ. ಕರ್ನಾಟಕದಿಂದ ಬಂದವರನ್ನು ನೋಡಿ ಕಲಿಯಬೇಕು” ಎಂದರು ಆನಿ ಚೇಚಿ, ಪ್ಲಮ್ ಕೇಕು ಕತ್ತರಿಸುತ್ತಾ. ತಿರುವನಂತಪುರದಲ್ಲಿ ಓದುತ್ತಿರುವ ಮಗಳಿಗೆ ಫೋನಿನಲ್ಲಿ ಕನ್ನಡದಲ್ಲಿ ಎಲ್ಲವನ್ನೂ ಹೇಳಿದೆ. ಅವಳು ಎಂದಿನಂತೆ ಮಲಯಾಳದಲ್ಲಿ, “ಅಚ್ಛನ್ ಪಾವಂ ಅಲ್ಲೇ ಅಮ್ಮಾ” ಎಂದಳು. ಅಪ್ಪ ಪಾಪ ಅಂತೆ. ನನ್ನ ಕಪ್ಪುಗಟ್ಟಿದ ಹೆಬ್ಬೆರಳನ್ನು ಒಂದು ನರಪಿಳ್ಳೆಯೂ ಕೇಳಲಿಲ್ಲ.

ಇನ್ನು ಮಾಷ್. ಅವರಿಗೆ ಒಂದಿಷ್ಟು ಮುಜುಗರವಾದರೂ ಆಗಬೇಕಿತ್ತಲ್ಲ? ಅವರು ಉಬ್ಬಿಹೋದರು. ವಾಕಿಂಗಿನಲ್ಲಿ ಸಿಕ್ಕವರಿಗೆಲ್ಲಾ ನಮ್ಮ ಬಾಲ್ಕನಿಯನ್ನು ಕೋಲಿನಿಂದ ತೋರಿಸಿ ಹೇಳುತ್ತಿದ್ದರು: “ಅಲ್ಲಿಂದ ಬಿದ್ದದ್ದು. ನನ್ನನ್ನು ಕಂಡು.” ಒಂದು ದಿನ ನಾನು ತಡೆಯಲಾರದೆ ಗೇಟಿಗೆ ಹೋಗಿ, ನನ್ನ ಹರಕು ಮಲಯಾಳದಲ್ಲಿ ಕೇಳಿಯೇಬಿಟ್ಟೆ.

“ಮಾಷೇ, ಅವರ ತಲೆ ಒಡೆದಿದ್ದರೆ ನಿಮ್ಮ ಮರ್ಯಾದೆ ಇನ್ನೂ ಹೆಚ್ಚುತ್ತಿತ್ತೇ?”

ಮಾಷ್ ಟೋಪಿ ಸರಿಮಾಡಿಕೊಂಡು, ಮಗಳನ್ನು ಕರೆಯುವ ದನಿಯಲ್ಲಿ ಹೇಳಿದರು: “ಮೋಳೇ, ನಾನು ಇಳಿಸು ಅಂತ ಹೇಳಲಿಲ್ಲವಲ್ಲ.”

“ಬೇಡ ಅಂತಲೂ ಹೇಳಲಿಲ್ಲ. ಏಣಿಯ ಮೇಲಿದ್ದವನ ಮುಂದೆ ಬಂದು ನೆಟ್ಟಗೆ ನಿಂತಿರಿ. ಮರ್ಯಾದೆ ಬರುವವರೆಗೆ ಕಾದಿರಿ.”

ಮಾಷ್ ಕೋಲು ಊರುತ್ತಾ ಹೋದರು. ಒಳಗೆ ಬಂದರೆ ನಮ್ಮವರದು ರಾಮಾಯಣ. “ಹಿರ್‍ಯಾರ ಜೊತಿ ಹಂಗ ಮಾತಾಡ್ತಾರೇನ? ನನ್ನ ಮಾನ ಕಳದಿ ನೋಡು.”

“ನಿಮ್ಮ ಮಾನಾ ಅಲ್ರೀ ನಾ ಕಾಯೂದು, ಜೀವಾ! ಕೈ ಇರೂವು ಎರಡು. ಒಂದು ಕೆಲಸಕ್ಕ, ಒಂದು ಜೀವಕ್ಕ. ಮರ್ಯಾದಿಗೆ ಮೂರನೇದು ಎಲ್ಲಿಂದ ತರ್‍ತೀರಿ?” ಎಂದೆ. ಹೇಳುತ್ತಾ ಹೇಳುತ್ತಾ ಅಳು ಬಂತು. ಸಿಟ್ಟಿನಲ್ಲಿ ಅಳು ಬಂದರೆ ಇನ್ನೂ ಸಿಟ್ಟು ಬರುತ್ತದೆ ನನಗೆ. ಕೇಪಳದ ಪೊದೆಯೊಳಗಿಂದ ಆ “ನಮಸ್ಕಾರಂ” ಕೇಳುವವರೆಗಿನ ಆ ಒಂದು ಗಳಿಗೆ ನಾನು ಏನೇನು ಯೋಚಿಸಿದ್ದೆ ಎನ್ನುವುದನ್ನು ಅವರಿಗೆ ಇವತ್ತಿಗೂ ಹೇಳಿಲ್ಲ. ಅವರು ತಮ್ಮ ಪ್ಲಾಸ್ಟರನ್ನು ನೋಡಿಕೊಂಡರು.

ಇದೆಲ್ಲಾ ಹೋದ ವರ್ಷದ್ದು. ಈಗ ಮತ್ತೆ ಡಿಸೆಂಬರ್, ಮತ್ತೆ ಆನಿ ಚೇಚಿಯ ನಕ್ಷತ್ರ, ಮತ್ತೆ ಮಂಜು. ನಮ್ಮವರ ಮಣಿಕಟ್ಟು ಕೂಡಿಕೊಂಡಿದ್ದರೂ ಹಿಡಿತ ಮೊದಲಿನಂತಿಲ್ಲ. “ಈ ಸಲ ಬಿಟ್ಟುಬಿಡೂಣು” ಎಂದರು.

“ಯಾಕ ಬಿಡೂದು? ನಾ ಹತ್ತತೀನಿ. ನೀವು ಹಿಡೀರಿ.”

ಅವರು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಗೋಡೆಯ ಗಡಿಯಾರ ಎದ್ದು ಬಂದು ನಾನೊಂದಿಷ್ಟು ಅಡ್ಡಾಡಿ ಬರುತ್ತೇನೆ ಎಂದಿದ್ದರೂ ಅಷ್ಟು ಬೆರಗಾಗುತ್ತಿರಲಿಲ್ಲ. ನಾನು ಚೂಡಿದಾರದ ವೇಲು ತೆಗೆದಿಟ್ಟು, ಮೆಟ್ಟಿಲು ಒರೆಸಿ, ಓರೆ ನೋಡಿ ಸಿದ್ಧಳಾದೆ. ಅವರು ಬಂದು ನಿಂತರು, ಮುಂಡಿನಲ್ಲಿ, ಅದೂ ಮಡಚಿ ಕಟ್ಟಿಕೊಂಡು.

“ಮತ್ತ ಮುಂಡು?”

“ನಾ ಹತ್ತೂದಿಲ್ಲಲ್ಲ. ಹಿಡಿಯೂದಷ್ಟ.”

ಹಿಡಿಯುವುದಷ್ಟೇ! ನನ್ನ ಇಡೀ ಆಯುಷ್ಯದ ಕೆಲಸಕ್ಕೆ ಎಷ್ಟು ಚಿಕ್ಕ ಮಾತು ನೋಡಿ. ಜಗಳ ಆಮೇಲೆ ಇಟ್ಟುಕೊಂಡರಾಯಿತು ಎಂದು ನಕ್ಷತ್ರ ಹಿಡಿದು ಹತ್ತಿದೆ.

ಮೇಲಿನ ಲೋಕವೇ ಬೇರೆ. ಆನಿ ಚೇಚಿಯ ಅಂಗಳದ ಬಟ್ಟೆಗಳು, ಬೀದಿಯ ಕೊನೆಯವರೆಗೆ ನಕ್ಷತ್ರಗಳು, ಅವುಗಳಾಚೆ ಓಡುವ ಮೆಟ್ರೋ. ಹುಟ್ಟಿದಾಗಿನಿಂದ ಗಂಡಸರ ಹಿಮ್ಮಡಿಯನ್ನೇ ನೋಡಿದವಳಿಗೆ ಮೊದಲ ಸಲ ನಮ್ಮವರ ನೆತ್ತಿ ಕಂಡಿತು. ಮಧ್ಯದಲ್ಲಿ ಬೋಳಾಗುತ್ತಾ ಬಂದಿದೆ, ನನಗೆ ಗೊತ್ತೇ ಇರಲಿಲ್ಲ. ಕೊಕ್ಕೆಯ ಸುತ್ತ ಕಟ್ಟಿದ್ದ ಜೇಡರ ಬಲೆಯನ್ನು ನಾನು ಒರೆಸಿದಾಗ ಅದು ನೇರವಾಗಿ ಆ ನೆತ್ತಿಯ ಮೇಲೆಯೇ ಬಿತ್ತು. ಅವರು ತಲೆ ಕೊಡವಲಿಲ್ಲ.

ಅಷ್ಟರಲ್ಲಿ ಕೋಲಿನ ಸದ್ದು. ಮಾಧವನ್ ಮಾಷ್. ಅದೇ ಟೋಪಿ, ಅದೇ ಗೇಟು. ನಿಂತರು.

ನಾನೇನು ಕೈ ಬಿಡುವವಳಲ್ಲ. ಆದರೆ ಕೆಳಗಿರುವವರು? ಏಣಿ ಹಿಡಿದ ಅವರ ಬೆರಳುಗಳು ಮಿಡುಕಿದ್ದು ನನಗೆ ಮೇಲಿನಿಂದಲೇ ಕಂಡಿತು. ಸೊಂಟದ ಮಡಿಕೆಯ ಕಡೆಗೆ ಹೋಗಲು ಆ ಕೈಗಳಿಗೆ ಎಷ್ಟು ವರ್ಷದ ರೂಢಿ! ನಮ್ಮವರ ಕಿವಿ ಕೆಂಪಾದವು. ಮಾಷ್ ಕೆಮ್ಮಿದರು. ನಮ್ಮವರು ಏಣಿಯನ್ನು ಇನ್ನೂ ಬಿಗಿಯಾಗಿ ಹಿಡಿದರು. ತಲೆ ತಗ್ಗಿಸಿ, ಎರಡೂ ಮೊಣಕಾಲುಗಳನ್ನು ಆ ಹಿರಿಯರ ಮುಂದೆ ಬಟಾಬಯಲು ಬಿಟ್ಟುಕೊಂಡು, ನಾಚಿಕೆಯಿಂದ ಬೆವರುತ್ತಾ ನಿಂತರು. ಕೈ ಮಾತ್ರ ಬಿಡಲಿಲ್ಲ.

ಮಾಷ್ ಆ ಮೊಣಕಾಲುಗಳನ್ನು ನೋಡಿದರು. ಆಮೇಲೆ ಮೇಲೆ ನನ್ನನ್ನು ನೋಡಿದರು. “ಪಿಡಿಚ್ಚೋ, ಪಿಡಿಚ್ಚೋ” ಎಂದು ನಮ್ಮವರಿಗೆ ಹೇಳಿದರು. ಹಿಡಿದುಕೋ ಎಂದರ್ಥ. ಹಾಗೆ ಹೇಳಿ, ಗೇಟಿನ ಮುಂದೆ ಹೆಚ್ಚು ಹೊತ್ತು ನಿಲ್ಲದೆ ನಡೆದುಬಿಟ್ಟರು.

“ಆತೇನ? ಇಳೀತಿಯೇನ?” ಕೆಳಗಿನಿಂದ ಬಹಳ ಸಣ್ಣ ದನಿ ಕೇಳಿತು.

ನಕ್ಷತ್ರ ಕಟ್ಟಿ ಆಗಿತ್ತು. “ಇನ್ನೂ ಇಲ್ಲರೀ, ಗಂಟು ಸರಿ ಬಂದಿಲ್ಲ” ಎಂದೆ. ಮತ್ತೆ ಬಿಚ್ಚಿ, ನಿಧಾನವಾಗಿ, ಮೊದಲಿನಿಂದ ಕಟ್ಟತೊಡಗಿದೆ.